ಉಗುರಿಗೆ ಎಷ್ಟೊಂದು ಕೆಲಸ!

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಾ ಬಂದ ವಿಷಯ ಇದು. ಪ್ರಾಣಿಗಳ ಉಗುರು! ಇದರಲ್ಲಿ ಬರೆಯುವುದಕ್ಕೆ ಏನಿದೆ ಅಂತ ನೀವು ನಗಬಹುದು. ಆದರೆ ಗುಡ್ಡದ ಬುಡದಲ್ಲಿರುವ ನಮ್ಮಂಥ ಶಾಲೆಗಳಲ್ಲಿ ಇದು ಬರೀ ವಿಜ್ಞಾನದ ಪಾಠ ಅಲ್ಲ. ಮಕ್ಕಳು ಬೆಳಿಗ್ಗೆ ಯಾವ ದಾರಿಯಲ್ಲಿ ಬರಬೇಕು, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬೇಕು ಅನ್ನುವುದಕ್ಕೂ ಈ ಉಗುರಿಗೂ ಸಂಬಂಧ ಇದೆ.

ನಾನು ಹುಟ್ಟಿ ಬೆಳೆದದ್ದು ರಾಯದುರ್ಗದ ಕಡೆ, ಪಾಠ ಮಾಡುತ್ತಿರುವುದು ಮಡಕಶಿರಾದ ಕಡೆ. ಎರಡೂ ಆಂಧ್ರ, ಎರಡೂ ಕಡೆ ಮನೆಮಾತು ಕನ್ನಡ ಇರುವ ಹಳ್ಳಿಗಳು ಬೇಕಾದಷ್ಟು. ಎರಡೂ ಕಡೆ ಕಲ್ಲುಗುಡ್ಡ, ಎರಡೂ ಕಡೆ ಕಡಲೆಕಾಯಿ ಹೊಲ, ಎರಡೂ ಕಡೆ ಕರಡಿ.

ಪಾಠವನ್ನು ನಾನು ಮಾತುಗಳಿಂದ ಶುರು ಮಾಡುತ್ತೇನೆ. "ಬೆಕ್ಕು ಉಗುರಿನಿಂದ ಏನು ಮಾಡುತ್ತೆ?" "ಪರಚುತ್ತೆ ಸಾರ್." "ಕೋಳಿ?" "ಕೆದರುತ್ತೆ." "ನಾಯಿ?" "ಕೆರ್ಕೊಳುತ್ತೆ, ನೆಲ ಬಗೆಯುತ್ತೆ." "ಇಲಿ?" "ಬಿಲ ತೋಡುತ್ತೆ." "ಹದ್ದು?" "ಎರಗಿ ಹಿಡ್ಕೊಂಡು ಹೋಗುತ್ತೆ." "ನೀನು?" ಆಗ ಎಲ್ಲರೂ ಪಕ್ಕದವರ ಕಡೆ ನೋಡಿ ನಗುತ್ತಾರೆ. "ಚಿವುಟುತ್ತೀನಿ ಸಾರ್!" ಹೀಗೆ ಕರಿಹಲಗೆಯ ಮೇಲೆ ಹತ್ತು ಹನ್ನೆರಡು ಕ್ರಿಯಾಪದಗಳು ಬರುತ್ತವೆ: ಪರಚು, ಗೀರು, ಕೆದರು, ಕೆದಕು, ಕೆರೆ, ಬಗೆ, ತೋಡು, ಸೀಳು, ಚಿವುಟು, ಬಾಚು. ಒಂದೊಂದು ಪ್ರಾಣಿಗೆ ಒಂದೊಂದು ಮಾತು. ಕೋಳಿ ಪರಚುತ್ತದೆ ಅಂದರೆ ಮಕ್ಕಳೇ ತಪ್ಪು ಅನ್ನುತ್ತಾರೆ. ಪುಸ್ತಕ ಓದಿ ಕಲಿತದ್ದಲ್ಲ, ಅವ್ವ ಅಜ್ಜಿಯರ ಬಾಯಿಂದ ಬಂದದ್ದು.

ಎರಡು ಭಾಷೆಯ ಊರಾದ್ದರಿಂದ ಇನ್ನೊಂದು ಲಾಭ ಇದೆ. ತೆಲುಗಿನಲ್ಲಿ ಉಗುರಿಗೆ 'ಗೋರು' ಅನ್ನುತ್ತಾರೆ. ಕನ್ನಡದಲ್ಲಿ ಗೋರು ಅಂದರೆ ಬಾಚಿ ಹತ್ತಿರಕ್ಕೆ ಎಳೆದುಕೊಳ್ಳುವುದು. ಕಣದಲ್ಲಿ ಕಾಳು ಗೋರುವ ಗೋರುಮಣೆ ಹಳೆಯ ಮನೆಗಳಲ್ಲಿ ಇನ್ನೂ ಸಿಗುತ್ತದೆ. ಅಂದರೆ ಒಂದು ಭಾಷೆಯಲ್ಲಿ ಅಂಗದ ಹೆಸರು, ಇನ್ನೊಂದರಲ್ಲಿ ಆ ಅಂಗ ಮಾಡುವ ಕೆಲಸ! ಇದನ್ನು ಹೇಳಿದರೆ ತೆಲುಗು ಮನೆಮಾತಿನ ಮಕ್ಕಳೂ ಕನ್ನಡ ಮನೆಮಾತಿನ ಮಕ್ಕಳೂ ಒಟ್ಟಿಗೆ ಖುಷಿಪಡುತ್ತಾರೆ.

ಉಗುರು ಯಾವುದರಿಂದ ಆಗಿದೆ? ಕೆರಾಟಿನ್ ಅನ್ನುವ ಗಟ್ಟಿ ಪ್ರೋಟೀನಿನಿಂದ. ನಮ್ಮ ಕೂದಲು, ಹಕ್ಕಿಯ ಗರಿ, ದನದ ಕೊಂಬಿನ ಹೊರಕವಚ, ಕುರಿಯ ಗೊರಸು ಎಲ್ಲವೂ ಅದೇ ಜಾತಿಯವು. ಬುಡದಲ್ಲಿ ಮಾತ್ರ ಜೀವ ಇರುತ್ತದೆ, ಅಲ್ಲಿಂದ ಬೆಳೆದು ಹೊರಗೆ ಬಂದ ಭಾಗಕ್ಕೆ ಜೀವ ಇಲ್ಲ. ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ.

ಇಲ್ಲಿ ನಾನು ತಪ್ಪದೇ ಕದಿರಿ ನರಸಿಂಹಸ್ವಾಮಿಯನ್ನು ಕರೆತರುತ್ತೇನೆ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಿಗೆ ಆತನೇ ಮನೆದೇವರು. ಹಿರಣ್ಯಕಶಿಪು ಪಡೆದ ವರ ಮಕ್ಕಳಿಗೆ ಗೊತ್ತು: ಹಗಲಲ್ಲಿ ಸಾಯಬಾರದು, ರಾತ್ರಿ ಸಾಯಬಾರದು, ಒಳಗೂ ಬೇಡ, ಹೊರಗೂ ಬೇಡ, ಜೀವ ಇರುವುದರಿಂದಲೂ ಬೇಡ, ಜೀವ ಇಲ್ಲದ್ದರಿಂದಲೂ ಬೇಡ. ಹಾಗಾದರೆ ಉಗುರೇ ಯಾಕೆ? ಜೀವ ಇದೆ ಅನ್ನಬೇಕೋ ಇಲ್ಲ ಅನ್ನಬೇಕೋ ತಿಳಿಯದ ವಸ್ತು ಅದೊಂದೇ! ಕಥೆ ಕಟ್ಟಿದ ಹಿರಿಯರು ಉಗುರನ್ನು ಚೆನ್ನಾಗಿಯೇ ನೋಡಿದ್ದರು. ಈ ಒಂದು ಉದಾಹರಣೆ ಕೊಟ್ಟರೆ ಸಾಕು, ಕೆರಾಟಿನ್ ಪಾಠ ಪರೀಕ್ಷೆವರೆಗೂ ಮರೆಯುವುದಿಲ್ಲ.

ಗೊರಸೂ ಒಂದು ರೀತಿಯಲ್ಲಿ ಉಗುರೇ. ಬೆರಳ ತುದಿಯನ್ನು ಸುತ್ತಿಕೊಂಡು ಪಾದರಕ್ಷೆಯಂತೆ ಆದ ಉಗುರು. ಮಡಕಶಿರಾದಿಂದ ಗಡಿ ದಾಟಿದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಇದೆ. 798 ಎಕರೆ ಹುಲ್ಲುಗಾವಲು. ಅಲ್ಲಿ ಜಿಂಕೆಗಳು ಗುಂಪಾಗಿ ಚಂಗನೆ ನೆಗೆದು ಓಡುವುದನ್ನು ನೋಡಿದರೆ ಗೊರಸಿನ ಕೆಲಸ ಏನು ಅಂತ ಹೇಳಿಕೊಡಬೇಕಾಗಿಲ್ಲ. ಓಡಿಯೇ ಬದುಕುವ ಪ್ರಾಣಿಗೆ ಹಿಡಿಯುವ ಉಗುರು ಬೇಡ, ನೆಲ ಒದೆಯುವ ಉಗುರು ಬೇಕು.

ಇನ್ನು ಬೆಕ್ಕಿನ ಜಾತಿ. ಬೆಕ್ಕು, ಚಿರತೆ, ಹುಲಿ ಇವುಗಳು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತವೆ. ಕತ್ತಿಯನ್ನು ಒರೆಯಲ್ಲಿ ಇಟ್ಟ ಹಾಗೆ. ನೆಲಕ್ಕೆ ತಾಗಿದರೆ ಸವೆದು ಮೊಂಡಾಗುತ್ತದಲ್ಲ, ಅದಕ್ಕೆ. ಬೇಟೆ ಹಿಡಿಯುವಾಗ, ಮರ ಹತ್ತುವಾಗ ಮಾತ್ರ ಹೊರಗೆ. ಮರದ ಬೊಡ್ಡೆಗೆ ಉಗುರು ಹಾಕಿ ಎಳೆಯುವುದು ಹಳೆಯ ಪದರ ಕಳಚಿ ಒಳಗಿನ ಚೂಪು ಹೊರಬರಲಿ ಅಂತ. ಜೊತೆಗೆ "ಇದು ನನ್ನ ಜಾಗ" ಅಂತ ಗುರುತು ಹಾಕುವುದಕ್ಕೂ ಹೌದು. ಇದೇ ಕುಟುಂಬದಲ್ಲಿ ಚೀತಾ ಮಾತ್ರ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕೂನೊಗೆ ತಂದರಲ್ಲ, ಅದು. ಅದರ ಉಗುರು ಪೂರ್ತಿ ಒಳಗೆ ಹೋಗುವುದಿಲ್ಲ. ವೇಗವಾಗಿ ಓಡುವಾಗ ಕಾಲು ಜಾರದಂತೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಆಟಗಾರರ ಬೂಟಿನ ಮೊಳೆಯ ಹಾಗೆ.

ಹಕ್ಕಿಗಳ ಉಗುರಿನಲ್ಲಿ ನನಗೆ ಬಹಳ ಇಷ್ಟವಾದದ್ದು ಬೆಳ್ಳಕ್ಕಿಯದ್ದು ಮತ್ತು ಕಣಜ ಗೂಬೆಯದ್ದು. ಇವುಗಳ ನಡುಬೆರಳಿನ ಉಗುರಿನ ಒಂದು ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ, ಥೇಟ್ ಬಾಚಣಿಗೆಯಂತೆ. ಗರಿ ಬಾಚಿಕೊಳ್ಳುವುದಕ್ಕೆ! ಗದ್ದೆಯಲ್ಲಿ ಎತ್ತಿನ ಹಿಂದೆ ಹಿಂದೆ ಬರುವ ಬೆಳ್ಳಕ್ಕಿ ಅಷ್ಟು ಬೆಳ್ಳಗೆ ಹೇಗಿರುತ್ತದೆ ಅಂತ ನೀವೂ ಯೋಚಿಸಿರಬಹುದು. ಅದರ ಕಾಲಿನಲ್ಲೇ ಬಾಚಣಿಗೆ ಇದೆ.

ಉಡವನ್ನು ಬಿಡುವ ಹಾಗಿಲ್ಲ. ಉಡ ಕಲ್ಲಿನ ಸಂದಿಗೆ ಹೋಗಿ ಉಗುರು ಊರಿತೆಂದರೆ ಎಳೆದು ತೆಗೆಯುವುದು ಕಷ್ಟ. ಕನ್ನಡದಲ್ಲಿ ಉಡದ ಪಟ್ಟು, ತೆಲುಗಿನಲ್ಲಿ ಉಡುಂ ಪಟ್ಟು. ಹಟಮಾರಿ ಹುಡುಗನಿಗೆ ಎರಡೂ ಮನೆಗಳಲ್ಲಿ ಒಂದೇ ಬೈಗುಳ.

ಈಗ ನಮ್ಮ ಕರಡಿಗೆ ಬರೋಣ.

ಕರಡಿಯ ಮುಂಗಾಲಿನ ಉಗುರು ಸುಮಾರು ಏಳೆಂಟು ಸೆಂಟಿಮೀಟರ್ ಉದ್ದ. ಹುಲಿಯದ್ದರ ಹಾಗೆ ಕೊಕ್ಕೆ ಅಲ್ಲ, ಕುಡುಗೋಲಿನಂತೆ ಸ್ವಲ್ಪವೇ ಬಾಗಿದ್ದು. ಬಣ್ಣ ಬಿಳುಪು. ಒಳಗೆ ಎಳೆದುಕೊಳ್ಳಲು ಬರುವುದಿಲ್ಲ, ಯಾವಾಗಲೂ ಹೊರಗೇ. ಈ ಉಗುರು ಆಗಿರುವುದು ಮುಖ್ಯವಾಗಿ ಯಾರನ್ನೋ ಕೊಲ್ಲುವುದಕ್ಕಲ್ಲ, ಹುತ್ತ ಅಗೆಯುವುದಕ್ಕೆ.

ನಮ್ಮ ಕಡೆಯ ಹುತ್ತ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಟಣ್ ಅನ್ನುತ್ತದೆ. ಅಂಥದನ್ನು ಕರಡಿ ಉಗುರಿನಿಂದ ಒಡೆದು, ಬಾಯಿಂದ ಜೋರಾಗಿ ಊದಿ ಮಣ್ಣು ಹಾರಿಸಿ, ತುಟಿಯನ್ನು ಕೊಳವೆಯಂತೆ ಮಾಡಿ ಗೆದ್ದಲನ್ನು ಹೀರುತ್ತದೆ. ಆಗ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುವ ಶಕ್ತಿಯೂ ಅದಕ್ಕಿದೆ, ಮಣ್ಣು ಹೋಗಬಾರದಲ್ಲ. ಮೇಲಿನ ಸಾಲಿನಲ್ಲಿ ನಡುವಿನ ಎರಡು ಬಾಚಿಹಲ್ಲು ಇಲ್ಲ. ಆ ಸಂದಿಯಿಂದಲೇ ಹೀರುವುದು. ರಾತ್ರಿ ಹೊಲ ಕಾಯುವವರಿಗೆ ಆ 'ಬುಸ್... ಸೊರ್' ಶಬ್ದ ದೂರದಿಂದಲೇ ಕೇಳುತ್ತದೆ.

"ಸಾರ್, ನಾವು ನಾಗರಪಂಚಮಿಗೆ ಹಾಲು ಹಾಕೋ ಹುತ್ತಾನ ಕರಡಿ ಒಡೆದ್ರೆ ಅದಕ್ಕೆ ಪಾಪ ಬರಲ್ವಾ?" ಅಂತ ಒಬ್ಬ ಹುಡುಗ ಕೇಳಿದ್ದ. ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂತು: "ನಾವು ಹಾಲು ಹಾಕೋದು ಹಾವಿಗೆ ಕಣೋ, ಅದು ತಿನ್ನೋದು ಗೆದ್ದಲು. ಹಾವಿಗೂ ಅದಕ್ಕೂ ಜಗಳ ಇಲ್ಲ." ಇದಕ್ಕಿಂತ ಚೆನ್ನಾದ ಉತ್ತರ ನನ್ನ ಹತ್ತಿರ ಇರಲಿಲ್ಲ.

ಈ ಉಗುರು ದೊಡ್ಡ ದೊಡ್ಡ ವಿದ್ವಾಂಸರನ್ನೇ ದಾರಿ ತಪ್ಪಿಸಿದೆ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞ ನಮ್ಮ ಕರಡಿಗೆ ಹೆಸರಿಡುವಾಗ ಅದರ ಉದ್ದುದ್ದ ಉಗುರು, ಇಲ್ಲದ ಮುಂದಿನ ಹಲ್ಲು ಇವನ್ನು ನೋಡಿ ದಕ್ಷಿಣ ಅಮೆರಿಕಾದ ಸ್ಲಾತ್ ಎಂಬ ಪ್ರಾಣಿಯ ಜಾತಿಗೆ ಸೇರಿಸಿಬಿಟ್ಟ. ಮರಕ್ಕೆ ತಲೆಕೆಳಗಾಗಿ ಜೋತುಬಿದ್ದು ದಿನ ಕಳೆಯುವ ಆ ಸೋಮಾರಿ ಪ್ರಾಣಿಗೂ ನಮ್ಮ ಕರಡಿಗೂ ಎಲ್ಲಿಯ ನಂಟು! ಆಮೇಲೆ ಅದು ಕರಡಿಯೇ ಅಂತ ಗೊತ್ತಾಯಿತು, ಆದರೆ ಇಂಗ್ಲಿಷಿನಲ್ಲಿ 'ಸ್ಲಾತ್ ಬೇರ್' ಅನ್ನುವ ಹೆಸರು ಮಾತ್ರ ಉಳಿದುಬಿಟ್ಟಿತು. ಇಲ್ಲಿ ಬಂದು ಒಂದು ರಾತ್ರಿ ಕಡಲೆಕಾಯಿ ಹೊಲ ಕಾದಿದ್ದರೆ ಅದು ಸೋಮಾರಿ ಅಲ್ಲ ಅಂತ ಅವನಿಗೇ ತಿಳಿಯುತ್ತಿತ್ತು. ನಮ್ಮವರು 'ಕರಡಿ' ಅಂದರು, ತೆಲುಗಿನವರು 'ಎಲುಗುಬಂಟಿ' ಅಂದರು. ಇಬ್ಬರೂ ಅದನ್ನು ಸೋಮಾರಿ ಅನ್ನಲಿಲ್ಲ.

ಜೇನು ಇಳಿಸಲು ಮರ ಹತ್ತುವುದಕ್ಕೂ ಇದೇ ಉಗುರು, ಕಲ್ಲುಬಂಡೆ ಏರುವುದಕ್ಕೂ ಇದೇ ಉಗುರು. ಮರಿಗಳು ತಾಯಿಯ ಬೆನ್ನ ಮೇಲೆ ಕೂತು ಹೋಗುತ್ತವೆ, ಆಗ ಆ ಉದ್ದ ಕೂದಲನ್ನು ಹಿಡಿದುಕೊಳ್ಳುವುದಕ್ಕೂ ಪುಟ್ಟ ಉಗುರುಗಳೇ ಗತಿ. ಇನ್ನೊಂದು ಕೆಲಸ ಅದು ಬೇಕೆಂದು ಮಾಡುವುದಲ್ಲ. ಬಾರೆ, ನೇರಳೆ, ಅತ್ತಿ ತಿಂದು ಬೀಜವನ್ನು ಗುಡ್ಡದ ತುಂಬ ಹರಡುತ್ತದೆ. ಕಲ್ಲುಗುಡ್ಡದಲ್ಲಿ ಯಾರೂ ನೆಡದ ಬಾರೆ ಗಿಡ ಹೇಗೆ ಬಂತು ಅಂದರೆ ಉತ್ತರ ಇದೂ ಹೌದು.

ಕರಡಿಗೆ ಗಡಿ ಗೊತ್ತಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಮಡಕಶಿರಾ ಮೊದಲಿನಿಂದ ಅನಂತಪುರ ಜಿಲ್ಲೆಯಲ್ಲೇ ಇದ್ದು, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮ್ಯಾಪಿನಲ್ಲಿ ನೋಡಿದರೆ ಅದು ಕರ್ನಾಟಕದೊಳಕ್ಕೆ ಚಾಚಿದ ಕೈಯಂತೆ ಕಾಣುತ್ತದೆ. ಕಾಗದದಲ್ಲಿ ಏನೇ ಬದಲಾದರೂ ಗುಡ್ಡಸಾಲು ಬದಲಾಗಲಿಲ್ಲ. ಸಂಡೂರು ತಾಲ್ಲೂಕಿನ ದರೋಜಿ ಹತ್ತಿರ 1994ರಲ್ಲಿ ಕರಡಿಧಾಮ ಮಾಡಿದರು, ಈಗ ಅದರ ವಿಸ್ತಾರ 82 ಚದರ ಕಿಲೋಮೀಟರಿಗೂ ಹೆಚ್ಚು. ಆಮೇಲೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯೂ ಕರಡಿಧಾಮ ಆಯಿತು. ರಾಯದುರ್ಗದ ಕೋಟೆಗುಡ್ಡದ ಬಂಡೆಗಳೂ ಅಂಥವೇ, ಕರಡಿಯ ಗುಹೆಗೆ ಹೇಳಿ ಮಾಡಿಸಿದಂಥವು.

ಗುಡ್ಡದಲ್ಲೇ ಇದ್ದರೆ ಯಾರಿಗೂ ತೊಂದರೆ ಇಲ್ಲ. ಆದರೆ ನೀರು ಬತ್ತಿದಾಗ, ಹಣ್ಣು ಮುಗಿದಾಗ ಅದು ಇಳಿದು ಬರುತ್ತದೆ. ಕಡಲೆಕಾಯಿ, ಮೆಕ್ಕೆಜೋಳ, ಕಲ್ಲಂಗಡಿ, ದಾಳಿಂಬೆ... ಗುಡ್ಡದ ಬುಡದಲ್ಲಿ ನಾವೇ ಹಬ್ಬದೂಟ ಹಾಕಿಟ್ಟಿದ್ದೇವೆ. ಊರಾಚೆಯ ದೇವಸ್ಥಾನಕ್ಕೆ ಬಂದು ದೀಪದ ಎಣ್ಣೆ ಕುಡಿದು ಹೋಗುವುದೂ ಉಂಟು. ಇನ್ನೊಂದು ಕಡೆ ಕಲ್ಲುಕ್ವಾರಿ, ಗಣಿ. ಡಿ. ಹಿರೇಹಾಳ್ ಕಡೆ ಓಬಳಾಪುರದ ಗುಡ್ಡಗಳು ಹೇಗಿದ್ದವು, ಹೇಗಾದವು ಅಂತ ಆ ಭಾಗದ ಜನಕ್ಕೆ ಹೇಳಬೇಕಾಗಿಲ್ಲ. ಕಬ್ಬಿಣದ ಅದಿರು ಅಗೆಯುವ ಯಂತ್ರದ ಬಕೆಟ್ಟಿನ ತುದಿಯಲ್ಲೂ ಸಾಲಾಗಿ ಉಗುರಿನಂಥವೇ ಇವೆ. ಅದರ ಮುಂದೆ ಕರಡಿಯ ಉಗುರು ಏನೂ ಅಲ್ಲ. ಕರಡಿ ಒಡೆದ ಹುತ್ತ ಮಳೆ ಬಂದರೆ ಮತ್ತೆ ಏಳುತ್ತದೆ. ಯಂತ್ರ ಒಡೆದ ಗುಡ್ಡ ಏಳುವುದಿಲ್ಲ.

ಉಗುರಿನ ಇನ್ನೊಂದು ಕೆಲಸವನ್ನೂ ಹೇಳಲೇಬೇಕು. ನಮ್ಮ ಶಾಲೆಗೆ ಬರುವ ಒಂದು ಮಗುವಿನ ತಾತ ಕುರಿ ಕಾಯುತ್ತಿದ್ದವರು. ಬಹಳ ವರ್ಷಗಳ ಹಿಂದೆ ಬೆಳಗಿನ ಜಾವ ಬಂಡೆ ಸಂದಿಯಲ್ಲಿ ಮರಿ ಇದ್ದ ಕರಡಿಗೆ ಎದುರಾದರು. ಒಂದೇ ಏಟು. ಒಂದು ಕಣ್ಣು, ಅರ್ಧ ಕೆನ್ನೆ ಹೋಯಿತು. ಈಗಲೂ ಟವೆಲನ್ನು ಮುಖದ ಆ ಭಾಗಕ್ಕೆ ಅಡ್ಡ ಹಾಕಿಕೊಂಡೇ ಬರುತ್ತಾರೆ. ಶಾಲೆಯ ಗೇಟಿನೊಳಗೆ ಬರುವುದಿಲ್ಲ, ಚಿಕ್ಕ ಮಕ್ಕಳು ಹೆದರುತ್ತವೆ ಅಂತ ಹುಣಸೆಮರದ ಹತ್ತಿರವೇ ನಿಲ್ಲುತ್ತಾರೆ. ಪರಿಹಾರಕ್ಕೆ ಅಂತ ಒಂದು ಕಚೇರಿಗೆ ಎಷ್ಟೋ ಸಲ ಅಲೆದು ಕಾಗದ ತೆಲುಗಿನಲ್ಲಿ ಬರೆಸಿಕೊಂಡು ಬಾ, ಫೋಟೋ ತಾ ಅನ್ನಿಸಿಕೊಂಡು ಕೊನೆಗೆ ಸುಮ್ಮನಾದರು.

ಒಂದು ಸಲ ನಾನೇ ಕೇಳಿಕೊಂಡೆ, "ತಾತ, ಒಳಗೆ ಬಂದು ಮಕ್ಕಳಿಗೆ ನೀವೇ ಹೇಳಿ, ನಾನು ಹೇಳಿದರೆ ಪುಸ್ತಕದ ಮಾತಾಗುತ್ತೆ" ಅಂತ. ಬಂದರು. ಟವೆಲು ತೆಗೆದು ಕೂತರು. ಕ್ಲಾಸು ಪೂರ್ತಿ ನಿಶ್ಶಬ್ದ. ಅವರು ಹೇಳಿದ್ದು ಇಷ್ಟೇ: "ಅದು ನನ್ನ ತಿನ್ನಕ್ಕೆ ಬರ್ಲಿಲ್ಲ ಕಣ್ರಪ್ಪ. ಅದರ ಮನೆ ಬಾಗ್ಲಿಗೆ ನಾನೇ ಹೋಗಿದ್ದೆ. ಮಕ್ಳಿರೋ ತಾಯಿ, ಸುಮ್ನಿರ್ತದಾ?" ಆಮೇಲೆ ಒಂದು ಹುಡುಗಿ ಎದ್ದು ನಿಂತು "ನೋವಾಯ್ತಾ ತಾತ?" ಅಂದಳು. "ಆಗ ಗೊತ್ತಾಗ್ಲಿಲ್ಲವ್ವ. ಆಮೇಲೆ ಜನ ಮುಖ ತಿರುಗಿಸ್ಕೊಂಡಾಗ ಆಯ್ತು" ಅಂದರು. ಅವತ್ತಿನಿಂದ ಅವರು ಹುಣಸೆಮರದ ಹತ್ತಿರ ನಿಲ್ಲುತ್ತಿಲ್ಲ. ಮಕ್ಕಳು ಬಿಡುವುದಿಲ್ಲ, ಕೈಹಿಡಿದು ಒಳಗೆ ಕರೆತರುತ್ತವೆ.

ತಾತ ಹೇಳಿದ್ದನ್ನೂ ಬಲ್ಲವರು ಹೇಳುವುದನ್ನೂ ಸೇರಿಸಿ ನಾವು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹಾಕಿದ್ದೇವೆ. ನಿಮ್ಮ ಶಾಲೆಗೂ ಬೇಕಾದರೆ ತೆಗೆದುಕೊಳ್ಳಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡದ ದಾರಿಯಲ್ಲಿ ಒಬ್ಬರೇ ಹೋಗಬಾರದು. ಗುಂಪಾಗಿ, ಮಾತಾಡುತ್ತಾ ಹಾಡುತ್ತಾ ಹೋಗಬೇಕು. ಕರಡಿಗೆ ಕಣ್ಣು ಅಷ್ಟು ಚುರುಕಿಲ್ಲ, ತಿನ್ನುವುದರಲ್ಲಿ ಮುಳುಗಿದ್ದರೆ ಕಿವಿಯೂ ಇಲ್ಲ. ನಾವು ಸದ್ದು ಮಾಡಿದರೆ ದೂರದಿಂದಲೇ ತಿಳಿದು ಅದೇ ದಾರಿ ಬಿಡುತ್ತದೆ. ಪೊದೆಯೊಳಗೆ, ಬಂಡೆ ಸಂದಿಯೊಳಗೆ ಇಣುಕಬಾರದು. ಮರಿ ಕಂಡರೆ ಮುದ್ದು ಮಾಡಲು ಹೋಗಬಾರದು, ತಾಯಿ ಹತ್ತಿರದಲ್ಲೇ ಇರುತ್ತದೆ. ಕರಡಿ ಊರಿಗೆ ಬಂದರೆ ಕಲ್ಲು ಹೊಡೆದು ಸುತ್ತುಗಟ್ಟಬಾರದು, ಅದಕ್ಕೆ ಹೋಗಲು ದಾರಿ ಬಿಡಬೇಕು. ಮೊಬೈಲ್ ಹಿಡಿದು ಹಿಂದೆ ಓಡುವುದಂತೂ ಬೇಡವೇ ಬೇಡ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು ಮುಖ, ಕತ್ತು ಮುಚ್ಚಿಕೊಳ್ಳಬೇಕು. ಯಾಕೆಂದರೆ ಅದು ಎದ್ದು ನಿಂತು ಹೊಡೆಯುವುದು ತಲೆಗೆ, ಮುಖಕ್ಕೆ.

ಜೊತೆಗೆ ಹೆಜ್ಜೆ ಗುರುತಿಸುವುದನ್ನೂ ಹೇಳಿಕೊಡುತ್ತೇವೆ. ಹಳ್ಳದ ಮರಳಿನಲ್ಲಿ ನಾಲ್ಕು ಬೆರಳು, ಉಗುರಿನ ಚುಕ್ಕಿ ಇದ್ದರೆ ನಾಯಿಯ ಜಾತಿ. ನಾಲ್ಕು ಬೆರಳಿದ್ದು ಉಗುರಿನ ಗುರುತು ಇಲ್ಲದಿದ್ದರೆ ಬೆಕ್ಕಿನ ಜಾತಿ, ದೊಡ್ಡದಿದ್ದರೆ ಚಿರತೆ. ಐದು ಬೆರಳು, ಬೆರಳಿಂದ ಮುಂದೆ ದೂರದಲ್ಲಿ ಉಗುರು ಊರಿದ ಗುರುತು, ಅಗಲ ಪಾದ ಕಂಡರೆ ಕರಡಿ. ಕಂಡ ಕೂಡಲೇ ವಾಪಸು ಬಂದು ದೊಡ್ಡವರಿಗೆ ಹೇಳಬೇಕು. ಒಂದು ಉಗುರಿನ ಗುರುತು ನೋಡಿ ಪ್ರಾಣ ಉಳಿಸಿಕೊಳ್ಳಬಹುದು ಅಂದರೆ ಅದಕ್ಕಿಂತ ದೊಡ್ಡ ಓದು ಯಾವುದಿದೆ?

ಇಷ್ಟು ಹೊತ್ತು ಪ್ರಾಣಿ ತನ್ನ ಉಗುರನ್ನು ಏನು ಮಾಡುತ್ತದೆ ಅಂತ ನೋಡಿದೆವು. ಮನುಷ್ಯ ಅದನ್ನು ಏನು ಮಾಡುತ್ತಾನೆ?

ಕುತ್ತಿಗೆಗೆ ಕಟ್ಟಿಕೊಳ್ಳುತ್ತಾನೆ! ಹುಲಿಯ ಉಗುರು ಚಿನ್ನದಲ್ಲಿ ಕಟ್ಟಿಸಿ ಹಾಕಿದರೆ ಧೈರ್ಯ, ಮಗುವಿಗೆ ದೃಷ್ಟಿ ತಾಗಲ್ಲ ಅಂತ ನಂಬಿಕೆ. ಕರಡಿ ಆಡಿಸುವವರು ಊರಿಗೆ ಬರುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಮಕ್ಕಳನ್ನು ಅದರ ಮೇಲೆ ಕೂರಿಸುವುದು, ಕರಡಿ ಕೂದಲಿನ ತಾಯತ ಕಟ್ಟಿಸುವುದು. ಆ ಕರಡಿಯ ಮೂಗಿಗೆ ಕಾದ ಸೂಜಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಕಿತ್ತು, ಉಗುರು ಕತ್ತರಿಸಿ ಕುಣಿಸುತ್ತಿದ್ದರು ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಇದನ್ನು ನಿಷೇಧಿಸಿದ್ದರೂ ನಿಲ್ಲಲು ಬಹಳ ವರ್ಷ ಹಿಡಿಯಿತು. ಕಲಂದರ್ ಸಮುದಾಯದವರಿಗೆ ಬೇರೆ ಕಸುಬು ಒದಗಿಸಿಕೊಟ್ಟು ಒಂದೊಂದಾಗಿ ಕರಡಿಗಳನ್ನು ಬಿಡಿಸಿಕೊಂಡರು. ಕೊನೆಯದೆಂದು ಗುರುತಿಸಿದ ಕರಡಿ 2009ರ ಡಿಸೆಂಬರ್‌ನಲ್ಲಿ ಸೇರಿದ್ದು ನಮ್ಮ ಬನ್ನೇರುಘಟ್ಟದ ಕೇಂದ್ರಕ್ಕೆ. ಹೊಟ್ಟೆಪಾಡಿಗೆ ದಾರಿ ತೋರಿಸದೆ ಬರೀ ಕಾನೂನು ಹೇಳಿದ್ದರೆ ಇದು ಆಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹುಲಿ ಉಗುರಿನ ಗಲಾಟೆ ನಿಮಗೆಲ್ಲ ಗೊತ್ತು. 2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಕನ್ನಡದ ಹತ್ತನೇ ಆವೃತ್ತಿಯಲ್ಲಿದ್ದ ವರ್ತೂರು ಸಂತೋಷ್ ಅವರನ್ನು ಹುಲಿ ಉಗುರಿನ ಲಾಕೆಟ್ ಹಾಕಿದ್ದಾರೆಂದು ಅರಣ್ಯ ಇಲಾಖೆಯವರು ಬಂಧಿಸಿದರು. ಕೆಲವು ದಿನದಲ್ಲಿ ಜಾಮೀನು ಸಿಕ್ಕಿತು. ಅದರ ಹಿಂದೆಯೇ ಸಿನಿಮಾದವರು, ರಾಜಕೀಯದವರು ಅಂತ ಎಷ್ಟೋ ಮನೆಗಳಲ್ಲಿ ಶೋಧ ನಡೆಯಿತು. ಗಡಿಯಾಚೆಯ ಟಿವಿಯನ್ನೇ ನೋಡುವ ನಮ್ಮ ಹಳ್ಳಿಗಳಲ್ಲೂ ವಾರವೆಲ್ಲ ಅದೇ ಮಾತು.

ಆ ವಾರ ಒಂದು ಹುಡುಗಿ ಶಾಲೆಗೆ ಬರಲಿಲ್ಲ. ಮೂರನೇ ದಿನ ಅವಳ ಅಜ್ಜಿ ಬಂದರು, ಸೆರಗಿನ ತುದಿಯಲ್ಲಿ ಏನೋ ಕಟ್ಟಿಕೊಂಡು. "ಮೇಷ್ಟ್ರೇ, ಇದನ್ನ ನೋಡಿ. ಮಗೀ ಕೊಳ್ಳಾಗಿತ್ತು. ಪೊಲೀಸ್ನೋರು ಮಗೀನ ಹಿಡ್ಕೊಂಡೋಗ್ತಾರಾ?" ಕರಿದಾರದಲ್ಲಿ ಬೆಳ್ಳಿ ಕಟ್ಟಿದ ಒಂದು ಉಗುರು. ಅವರ ಯಜಮಾನರು ಮಗ ಹುಟ್ಟಿದಾಗ ಜಾತ್ರೆಯಲ್ಲಿ ಎರಡು ಕುರಿ ಮಾರಿದ ದುಡ್ಡಿನಲ್ಲಿ ತಂದದ್ದಂತೆ. ಮಗನ ಕೊರಳಲ್ಲಿದ್ದು ಈಗ ಮೊಮ್ಮಗಳ ಕೊರಳಿಗೆ ಬಂದಿತ್ತು.

ನನಗೆ ತಿಳಿದಷ್ಟು ಹೇಳಿದೆ. ಹುಲಿ, ಚಿರತೆ, ಕರಡಿ, ಉಡ ಎಲ್ಲವೂ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಅವುಗಳ ಉಗುರು, ಹಲ್ಲು, ಚರ್ಮ ಏನೇ ಆದರೂ ಸರ್ಕಾರದ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಮಗುವನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ, ಹೆದರಬೇಡಿ, ನಿಜದ್ದೇ ಆದರೆ ನಾನೂ ಜೊತೆಗೆ ಬರುತ್ತೇನೆ, ಅರಣ್ಯ ಇಲಾಖೆಗೆ ಒಪ್ಪಿಸೋಣ ಅಂದೆ. ಊರಿನ ಹಿರಿಯರೊಬ್ಬರು, ಪಶುವೈದ್ಯರ ಬಳಿ ಕೆಲಸ ಮಾಡಿ ನಿವೃತ್ತರಾದವರು, ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ ನಕ್ಕುಬಿಟ್ಟರು. "ಇದು ಹುಲಿ ಅಲ್ಲ ಬಿಡ್ರಿ, ದನದ ಕೊಂಬು ಉಜ್ಜಿ ಮಾಡಿದ್ದು." ಜಾತ್ರೆಗಳಲ್ಲಿ ಮಾರುವ ಹುಲಿ ಉಗುರಿನಲ್ಲಿ ಕೊಂಬು, ಗೊರಸು, ಪ್ಲಾಸ್ಟಿಕ್ಕಿನವೇ ಬೇಕಾದಷ್ಟು ಇರುತ್ತವೆ.

ಅಜ್ಜಿಗೆ ನೆಮ್ಮದಿ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತು, "ಎರಡು ಕುರಿ ಮೇಷ್ಟ್ರೇ... ಆ ಮುದುಕ ಸಾಯೋವರ್ಗೂ ಹುಲಿದೇ ಅಂತಿದ್ದ" ಅಂದರು. ಏನು ಹೇಳಬೇಕೋ ತೋಚಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳೇ ಹೇಳಿದಳು: "ಇರ್ಲಿ ಬಿಡಜ್ಜಿ. ಅಪ್ಪಂಗೂ ಏನೂ ಆಗ್ಲಿಲ್ಲ, ನಂಗೂ ಏನೂ ಆಗ್ಲಿಲ್ಲ. ದನದ್ದೇ ಕಾಪಾಡ್ತು." ಅಜ್ಜಿ ನಕ್ಕರು. ನನಗೂ ಗಂಟಲು ಕಟ್ಟಿತು. ಅದು ಇವತ್ತಿಗೂ ಅವಳ ಕೊರಳಲ್ಲಿದೆ. ದನದ ಕೊಂಬಿಗೆ ಕೇಸಿಲ್ಲ!

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಊರುಗಳಲ್ಲೂ ಇಂಥ ಉಗುರುಗಳು ಪೆಟ್ಟಿಗೆಯ ಮೂಲೆಯಲ್ಲಿ, ಕೊರಳಲ್ಲಿ ಇರಬಹುದು. ಬಡವರ ಕೊರಳಲ್ಲಿರುವುದು ಬಹುಪಾಲು ಸುಳ್ಳುಗುರು. ನಿಜವಾದದ್ದನ್ನು ಕೊಳ್ಳುವ ಶಕ್ತಿ ಇರುವವರು ಬೇರೆ. ಆದರೆ ಆ ಸುಳ್ಳಿಗೂ ಒಂದು ಬೆಲೆ ಇದೆ. ಜನ ಹುಲಿ ಉಗುರು ಬೇಕು ಅಂತ ಕೇಳುತ್ತಿದ್ದರೆ ಎಲ್ಲೋ ಒಂದು ಕಡೆ ನಿಜವಾದ ಹುಲಿಗೆ ಉರುಲು ಬೀಳುತ್ತದೆ. ಅಜ್ಜಿಯರನ್ನು ಹೆದರಿಸದೆ, ಹೀಯಾಳಿಸದೆ ಇದನ್ನು ಮಕ್ಕಳಿಗೆ ಹೇಳಬೇಕಾದವರು ನಾವೇ.

ಉಗುರನ್ನು ಆಯುಧ ಮಾಡಿಕೊಂಡವರೂ ಇದ್ದಾರೆ. 1659ರಲ್ಲಿ ಅಫಜಲ್ ಖಾನನನ್ನು ಶಿವಾಜಿ ಎದುರಿಸಿದ ಕಥೆಯಲ್ಲಿ ಬರುವ ವ್ಯಾಘ್ರನಖ ಅಂಥದು, ಬೆರಳಿಗೆ ಸಿಕ್ಕಿಸಿಕೊಳ್ಳುವ ಉಕ್ಕಿನ ಉಗುರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದ್ದ ಒಂದನ್ನು 2024ರ ಜುಲೈನಲ್ಲಿ ಸಾತಾರಾಕ್ಕೆ ತಂದು ಪ್ರದರ್ಶನಕ್ಕಿಟ್ಟರು. ಅದೇ ಶಿವಾಜಿಯದ್ದು ಎನ್ನಲು ಖಚಿತ ಆಧಾರ ಇಲ್ಲ ಅಂತ ಆ ಮ್ಯೂಸಿಯಮ್ಮಿನವರೇ ಹೇಳಿದ್ದಾರೆ. ಸಂಕ್ರಾಂತಿಗೆ ಕರಾವಳಿ ಆಂಧ್ರದ ಕೋಳಿ ಅಂಕಗಳಲ್ಲಿ ಹುಂಜದ ಕಾಲಿಗೆ ಕತ್ತಿ ಕಟ್ಟುತ್ತಾರೆ. ದೇವರು ಕೊಟ್ಟ ಉಗುರು ಸಾಲದು ಅಂತ ಮನುಷ್ಯ ಸೇರಿಸಿದ್ದು. ಕೋಳಿಗೆ ಉಗುರಿರುವುದು ತಿಪ್ಪೆ ಕೆದರುವುದಕ್ಕೆ, ಮರಿಗಳಿಗೆ ಹುಳ ತೋರಿಸುವುದಕ್ಕೆ. 'ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ' ಅಂತ ಗಾದೆ ಮಾಡಿದವರೂ ನಾವೇ, ಕೊಡಲಿ ತೆಗೆದುಕೊಳ್ಳುವವರೂ ನಾವೇ.

ಮಕ್ಕಳಿಗೆ ಹುಲಿ ಉಗುರು ಬೇಕೇ ಬೇಕು ಅಂದರೆ ಒಂದು ಉಪಾಯ ಇದೆ. ಹಳ್ಳದ ದಂಡೆಯಲ್ಲಿ, ಪಾಳುಜಾಗದಲ್ಲಿ ಗರುಡಮೂಗಿನ ಗಿಡ ಬೆಳೆಯುತ್ತದೆ. ಕೆಲವರು ಅದಕ್ಕೆ ಹುಲಿನಖ ಅಂತಲೂ, ತೆಲುಗಿನಲ್ಲಿ ತೇಲುಕೊಂಡಿಕಾಯ ಅಂತಲೂ ಅನ್ನುತ್ತಾರೆ. ದೂರದ ಮೆಕ್ಸಿಕೋ ಕಡೆಯಿಂದ ಬಂದು ನಮ್ಮಲ್ಲಿ ಬೇರುಬಿಟ್ಟ ಗಿಡ. ಅದರ ಒಣಕಾಯಿಗೆ ಕರ್ರಗೆ ಹೊಳೆಯುವ ಎರಡು ಕೊಕ್ಕೆ. ಅದೂ ಉಗುರಿನ ಕೆಲಸವನ್ನೇ ಮಾಡುವುದು, ಹಾದುಹೋಗುವ ಕುರಿಯ ಉಣ್ಣೆಗೆ ಸಿಕ್ಕಿಕೊಂಡು ಬೀಜವನ್ನು ಇನ್ನೊಂದೂರಿಗೆ ಸಾಗಿಸುತ್ತದೆ. ನಮ್ಮ ಮಕ್ಕಳು ಅದನ್ನು ದಾರಕ್ಕೆ ಪೋಣಿಸಿ ಹಾಕಿಕೊಂಡು ತಿರುಗುತ್ತವೆ. ಯಾವ ಪ್ರಾಣಿಯ ಜೀವವೂ ಹೋಗಿಲ್ಲ, ಯಾರ ಕುರಿಯೂ ಮಾರಿಲ್ಲ.

ಮುಂದಿನ ಸಲ ಈ ಪಾಠ ಬಂದಾಗ ಪುಸ್ತಕ ಮುಚ್ಚಿ ಮೊದಲು ಮಾತುಗಳನ್ನು ಕೇಳಿ ನೋಡಿ. ಕೆದರು, ಪರಚು, ಬಗೆ, ತೋಡು... ನಿಮ್ಮ ಮಕ್ಕಳು ಎಷ್ಟು ಹೇಳುತ್ತಾರೆ? ನಮ್ಮ ಐದನೇ ತರಗತಿಯವರ ಪಟ್ಟಿ ಇವತ್ತಿಗೆ ಹದಿನೇಳಕ್ಕೆ ನಿಂತಿದೆ. ಹದಿನೆಂಟನೆಯದು ಸಿಕ್ಕರೆ ಹೇಳಿಕಳಿಸಿ, ಗೋಡೆಯ ಮೇಲೆ ಇನ್ನೂ ಜಾಗ ಇದೆ.